ಬಿಟ್ಟುಬಂದ ಡಿಸ್ಕು

ರಿಪೇರಿಯಾಗಿ ಬಂದ ಮೂರನೆಯ ದಿನ ಮಮತಾಳ ಲ್ಯಾಪ್‌ಟಾಪಿನ ಕ್ಯಾಮರಾ ತನ್ನಷ್ಟಕ್ಕೆ ತಾನೇ ಕಣ್ಣು ಬಿಟ್ಟಿತು. ಪರದೆಯ ಮೇಲಂಚಿನಲ್ಲಿ ಸಾಸಿವೆ ಕಾಳಿನಷ್ಟು ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ಗದಗಿನ ಕಚೇರಿ ಕಂಪೌಂಡಿನ ಹೊರಗೆ, ಬೇವಿನ ಗಿಡದ ಬುಡಕ್ಕೆ ಹಾಕಿಕೊಂಡ ಮೇಜಿನ ಮುಂದೆ ಕೂತು ಅವಳು ಮುದುಕನೊಬ್ಬನ ಪಿಂಚಣಿ ಅರ್ಜಿ ಟೈಪು ಮಾಡುತ್ತಿದ್ದಳು. ಕೈ ಅಲ್ಲಿಗೇ ನಿಂತಿತು. ಮುದುಕ ತನ್ನ ವಯಸ್ಸಿನ ಮೇಲೇನೋ ತಕರಾರು ಬಂತೆಂದು ತಿಳಿದು, ಎಪ್ಪತ್ತು ಬ್ಯಾಡಂದ್ರ ಅರವತ್ತೆಂಟು ಬರಿ ಯವ್ವಾ, ನನಗೇನೂ ಬ್ಯಾಸರಿಲ್ಲ ಅಂದ.

ಮೊದಲ ದಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಗರಗರ ಅಂದಿತ್ತು. ಎರಡನೆಯ ದಿನ ಬಾಣದ ಗುರುತು, ಯಾರೋ ಕೈ ಹಿಡಿದು ಎಳೆದಂತೆ, ಪರದೆಯ ತುಂಬ ತಾನೇ ಅಡ್ಡಾಡಿ ಒಂದು ಫೈಲಿನ ಮೇಲೆ ಹೋಗಿ ನಿಂತು ಅದನ್ನು ತೆರೆದಿತ್ತು. ರಿಪೇರಿಗೆ ಕೊಡುವಾಗ ಇವು ಯಾವವೂ ಇರಲಿಲ್ಲ. ಆಗ ಇದ್ದದ್ದು ಎರಡೇ ರೋಗ: ಮಷಿನ್ನು ನಿಧಾನ, ಮುಚ್ಚಳದ ಬಿಜಾಗ್ರಿ ಸಡಿಲ. ಕಾಲುನೋವೆಂದು ಆಸ್ಪತ್ರೆಗೆ ಹೋದವರು ಕೆಮ್ಮು ಹಚ್ಚಿಕೊಂಡು ಬಂದ ಹಾಗಾಯಿತೆಂದು ಎರಡು ದಿನ ನಕ್ಕು ನುಂಗಿಕೊಂಡಿದ್ದಳು. ಆದರೆ ಕಣ್ಣು ಬಿಡುವುದೆಂದರೇನು? ಆ ಕಣ್ಣಿನ ಹಿಂದೆ ಯಾರು ಕೂತಿದ್ದಾರೆ?

ಮುದುಕನ ಅರ್ಜಿಯನ್ನು ಕೈಯಲ್ಲೇ ಬರೆದುಕೊಟ್ಟು ಮುಚ್ಚಳ ಮುಚ್ಚಿದಳು. ಮುಚ್ಚಿದ ಮೇಲೂ ಅದು ನೋಡುತ್ತಿದೆ ಅನಿಸಿತು.

ಆ ಲ್ಯಾಪ್‌ಟಾಪಿನೊಳಗೆ ಹನ್ನೊಂದು ಮಂದಿ ಹೆಂಗಸರಿದ್ದರು. ಅಂತೂರ ಬೆಂತೂರದಿಂದ ದಿನಾ ಮುಂಜಾನೆ ಟಂಟಂ ರಿಕ್ಷಾ ಹತ್ತಿ ಗದಗಿನ ಅಂಚಿನ ಮೆಣಸಿನಕಾಯಿ ಶೆಡ್ಡಿಗೆ ತೊಟ್ಟು ಬಿಡಿಸಲು ಬರುವವರು. ಶೆಡ್ಡಿನ ಸೂಪರ್‌ವೈಜರ್ ಒಬ್ಬೊಬ್ಬರನ್ನೇ ತೂಕದ ಕೋಣೆಗೆ ಕರೆದು ಏನು ಮಾಡುತ್ತಾನೆಂಬುದನ್ನು ಅವರು ಗಂಡಂದಿರಿಗೆ ಹೇಳಿರಲಿಲ್ಲ, ಹೆತ್ತವರಿಗೆ ಹೇಳಿರಲಿಲ್ಲ, ಒಂದೇ ಟಂಟಂದಲ್ಲಿ ತೊಡೆಗೆ ತೊಡೆ ಹಚ್ಚಿ ಕೂತರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ರೇಷನ್ ಕಾರ್ಡಿನ ಅರ್ಜಿಗೆ ಬಂದಿದ್ದ ಫಕ್ಕೀರವ್ವ, ಅವರಲ್ಲೆಲ್ಲ ಹಿರಿಯಳು, ಒಂದು ದಿನ ಮೇಜಿನ ಮುಂದೆ ಕೂತವಳು ಕಾರ್ಡಿನ ಮಾತು ನಡುವೆಯೇ ಬಿಟ್ಟು ಕೋಣೆಯ ಮಾತು ತೆಗೆದಳು. ಅವಳ ಹಿಂದೆ ಉಳಿದ ಹತ್ತು ಮಂದಿ ಬಂದರು. ಅವರ ಮಾತನ್ನು ಅವರ ದನಿಯಲ್ಲೇ ಮಮತಾ ರೆಕಾರ್ಡು ಮಾಡಿಟ್ಟಿದ್ದಳು. ಅಮಾವಾಸ್ಯೆಯ ದಿನ ಶೆಡ್ಡು ಸೂಟಿ. ಅಂದು ಎಲ್ಲರೂ ಕೂಡಿ ಜಿಲ್ಲಾ ದೂರು ಸಮಿತಿಗೆ ಹೋಗುವುದು, ಅಲ್ಲಿತನಕ ಒಂದು ಹೆಸರೂ ಹೊರಬೀಳಬಾರದು ಎಂದು ಮಾತಾಗಿತ್ತು. ಹೊಸದಾಗಿ ಮದುವೆಯಾಗಿ ಬಂದಿದ್ದ ಮಂಜುಳಾ ಎರಡು ಸಲ ಕೇಳಿದ್ದಳು: ಊರಾಗ ಗೊತ್ತಾದ್ರ ನನಗ ಮನಿ ಇಲ್ಲ ಅಕ್ಕಾ, ಗೊತ್ತಾಗಾಂಗಿಲ್ಲಲ್ಲ? ಗೊತ್ತಾಗುವುದಿಲ್ಲವೆಂದು ಮಮತಾ ಎರಡು ಸಲವೂ ಹೇಳಿದ್ದಳು.

ಅಮಾಸಿಗೆ ಇನ್ನೂ ಎಂಟು ದಿನ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅರ್ಜಿ ಬರೆಯುವವರ ಕೈಗೆ ಒಂದು ರೂಢಿ ಬಿದ್ದಿರುತ್ತದೆ: ಮೊದಲು ಹೆಸರು, ಆಮೇಲೆ ಗಂಡನ ಹೆಸರು, ವಯಸ್ಸು, ಊರು. ವಿಷಯವೆಲ್ಲ ಅದರ ಕೆಳಗೆ. ಆ ಹನ್ನೊಂದು ರೆಕಾರ್ಡುಗಳಿಗೂ ಮಮತಾ ಅದೇ ಕೈಯಿಂದ ಹೆಸರಿಟ್ಟಿದ್ದಳು. ಫೈಲು ತೆರೆಯುವುದೇ ಬೇಡ, ಹೊರಗಿನಿಂದ ಓದಿದರೆ ಸಾಕು, ನೆಟ್ಟಗೆ ಮನೆ ಬಾಗಿಲಿಗೆ ಹೋಗಿ ನಿಲ್ಲಬಹುದು.

ಸಂಜೆ ಬೆಟಗೇರಿಯ ಮನೆಯಲ್ಲಿ ಮಗ್ಗದ ಮುಂದೆ ಕೂತಿದ್ದ ತಾಯಿ ಗುರುಸಿದ್ದವ್ವನ ಹತ್ತಿರ ಹಣೆಗೆ ಹಚ್ಚುವ ಟಿಕಳಿಯೊಂದನ್ನು ಇಸಿದುಕೊಂಡು ಕ್ಯಾಮರಾದ ಮೇಲೆ ಹಚ್ಚಿದಳು. ಅದಕೂ ದೃಷ್ಟಿ ಆತೇನು ಎಂದು ತಾಯಿ ನಕ್ಕಳು. ಮಮತಾ ನಗಲಿಲ್ಲ. ಕೆಂಪು ಟಿಕಳಿಯ ಅಂಚಿನಿಂದ ದೀಪದ ಬೆಳಕು ಮತ್ತೂ ಸೋರುತ್ತಿತ್ತು.

ಮರುದಿನ ಮುಂಜಾನೆ ಮೇಜಿನ ಹತ್ತಿರ ಚಹಾ ಕುಡಿಯುತ್ತ ನಿಂತವನು ಆ ಸೂಪರ್‌ವೈಜರನೇ. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಕಪ್ಪು ಖಾಲಿ ಮಾಡಿ, ಬಾಯೊರೆಸಿಕೊಂಡು, "ಲ್ಯಾಪ್‌ಟಾಪ್ ರಿಪೇರಿ ಆತೇನ್ರಿ?" ಅಂದ.

ಎರಡು ದಿನ ಅವಳ ಮೇಜು ಖಾಲಿ ಇದ್ದದ್ದನ್ನು ಆ ಓಣಿಯ ನಾಯಿಯೂ ಕಂಡಿತ್ತು. ಅವನಿಗೂ ಗೊತ್ತಿರಬಹುದು. ಹಾಗಂತ ತನಗೆ ತಾನೇ ಹೇಳಿಕೊಂಡಳು. ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು ಆತ್ರಿ ಅಂದಳು. ಅವನು ತಲೆಯಾಡಿಸಿ, ಅವಸರವಿಲ್ಲದೆ, ಬೈಕು ಹತ್ತಿ ಹೋದ. ಮುಟ್ಟಿದವನು ಚಹಾ ಕುಡಿದು ಬಾಯೊರೆಸಿಕೊಳ್ಳುತ್ತಾನೆ, ಮುಟ್ಟಿಸಿಕೊಂಡವರು ಮತ್ತು ಅವರ ಮಾತು ಕಟ್ಟಿಟ್ಟುಕೊಂಡವಳು ಗಡಗಡ ನಡುಗುತ್ತಾರೆ. ಯಾವ ದೇವರು ಹಂಚಿಕೊಟ್ಟ ಪಾಲು ಇದು?

ಅವಳು ಮೇಜನ್ನು ಗೋಡೆಗೆ ಆನಿಸಿ, ಲ್ಯಾಪ್‌ಟಾಪು ಬಗಲಿಗೆ ಹಾಕಿಕೊಂಡು ಸಿದ್ದಾರೂಢನ ಅಂಗಡಿಗೆ ನಡೆದಳು.

ಸಿದ್ದಾರೂಢ ಓದಿದ ಮೆಕ್ಯಾನಿಕ್. ಗೋಡೆಯ ಮೇಲೆ ಮೂರು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದ. ಅವಳು ಬಾಗಿಲಲ್ಲೇ ನಿಂತು, ಇದರೊಳಗೆ ಯಾರನ್ನು ಹೊಗಿಸಿದ್ದೀರಿ ಎಂದು ಕೇಳಿದಳು. ಅವನು ಗಾಬರಿಯಾಗಿ, ಬರ್ರಿ ಅಕ್ಕಾರ, ಕುಂಡ್ರಿ ಮೊದಲ ಎಂದು ಸ್ಟೂಲು ಎಳೆದ. ಬೆನ್ನಿನ ತಿರುಪು ಬಿಚ್ಚಿ ದೀಪ ಹಿಡಿದು ನೋಡುತ್ತ ಹೋದಂತೆ ಅವನ ಮುಖ ಸಣ್ಣದಾಯಿತು. ಒಂದು ಸ್ಕ್ರೂ ಕಳಚಿ ಫ್ಯಾನಿನ ಮಗ್ಗುಲಿಗೆ ಬಿದ್ದಿತ್ತು. ಬೆರಳಾಡಿಸುವ ಪಟ್ಟಿಯ ಕೆಳಗಿನ ವಾಯರು ಅರ್ಧವೇ ಕೂತಿತ್ತು, ಅದಕ್ಕೇ ಬಾಣ ತಾನಾಗಿ ಓಡುತ್ತಿದ್ದದ್ದು. ಬಿಜಾಗ್ರಿ ಬಿಗಿ ಮಾಡುವಾಗ ಕ್ಯಾಮರಾದ ವಾಯರಿನ ಎಳೆ ಅದರ ಬಾಯಿಗೆ ಸಿಕ್ಕು ನಜ್ಜಾಗಿತ್ತು.

"ಅವಸರದಾಗ ಮಾಡೀನ್ರಿ. ತಪ್ಪು ನಂದ ಐತಿ," ಅಂದ. "ನಿಮ್ಮ ಮಷಿನ್ನಿನ್ಯಾಗ ಯಾರೂ ಹೊಕ್ಕಿಲ್ಲ ಅಕ್ಕಾರ. ನಾನೂ ಹೊಕ್ಕಿಲ್ಲ."

ಅರ್ಧ ತಾಸಿನಲ್ಲಿ ಎಲ್ಲ ಸರಿಯಾಯಿತು. ದೀಪ ಆರಿತು, ಫ್ಯಾನು ಸುಮ್ಮನಾಯಿತು, ಬಾಣ ಇಟ್ಟಲ್ಲಿ ಕೂತಿತು. ಅವನು ಎರಡು ಕಪ್ಪು ಚಹಾ ಹೇಳಿದ. ಮಮತಾಳಿಗೆ ಮೈಯೆಲ್ಲ ಹಗುರಾಗಿ, ತನ್ನ ಅಂಜುಬುರುಕತನಕ್ಕೆ ತಾನೇ ನಗು ಬಂತು. ಒಂದು ಸ್ಕ್ರೂವಿಗೆ ನಿನ್ನೆಯಿಂದ ಅನ್ನ ಸೇರದಂತೆ ಮಾಡಿಕೊಂಡಿದ್ದಳು. ಹೊಸ ಡಿಸ್ಕು ಹಾಕಿದ ಮೇಲೆ ಎಷ್ಟು ಜಲ್ದಿ ಚಾಲೂ ಆಗುತ್ತದೆ ನೋಡಿರೆಂದು ಅವನು ಹೆಮ್ಮೆಯಿಂದ ತೋರಿಸಿದ. ಹಳೇದರೊಳಗಿನ ಸಾಮಾನೆಲ್ಲ ಒಂದೂ ಬಿಡದೆ ಹೊಸದಕ್ಕೆ ಇಳಿಸಿದ್ದೇನೆ ಅಂದ.

ಚಹಾದ ಕಪ್ಪು ಅವಳ ತುಟಿಯ ಹತ್ತಿರ ನಿಂತಿತು.

"ಹಳೇದು ಎಲ್ಲೈತಿ ಅಣ್ಣಾರ?"

"ನೀವ ಬಿಟ್ಟು ಹೋದ್ರೆಲ್ರಿ," ಅಂದ ಸಿದ್ದಾರೂಢ.

ಖರೆ. ಅವನು ಅಂದು ಹಳೇ ಡಿಸ್ಕನ್ನು ಅಂಗೈಯಲ್ಲಿಟ್ಟು, ಇದು ಬೇಕೇನ್ರಿ ಎಂದು ಕೇಳಿದ್ದ. ಅವಳು ಹುಟ್ಟಿ ಬೆಳೆದದ್ದು ಮಗ್ಗದ ಮನೆಯಲ್ಲಿ. ಬಡಿಗೇರ ಬಂದು ಮಗ್ಗ ರಿಪೇರಿ ಮಾಡಿದರೆ, ತೆಗೆದುಹಾಕಿದ ಹಳೇ ತುಂಡು ಅವನಿಗೇ ಸೇರಬೇಕು. ಸೀಳಿದ ಹಲಗೆಯಿರಲಿ, ಸವೆದ ಲಾಳಿಯಿರಲಿ, ಅವನು ಒಯ್ದು ಒಲೆಗಿಡುತ್ತಾನೋ ಇನ್ನೊಬ್ಬರ ಮಗ್ಗಕ್ಕೆ ಕೂಡಿಸುತ್ತಾನೋ ಅದು ಅವನ ಪಾಲು. ವಾಪಸು ಕೇಳಿದರೆ ನಿನ್ನ ಮೇಲೆ ನಂಬಿಗೆಯಿಲ್ಲ ಅಂದ ಹಾಗೆ, ಮುಂದಿನ ಸಲ ಕರೆದರೆ ಅವನು ಬರುವುದಿಲ್ಲ. ಇದನ್ನು ಯಾರೂ ಅವಳಿಗೆ ಕೂಡ್ರಿಸಿ ಹೇಳಿಕೊಟ್ಟಿರಲಿಲ್ಲ, ಮೈಗೆ ಹತ್ತಿತ್ತು. ಅದೇ ಮೈ ಅಂದು, ನಿಮಗ ಇರಲಿ ಅಣ್ಣಾರ, ನನಗ್ಯಾಕ ಎಂದು ದೊಡ್ಡಸ್ತಿಕೆಯಿಂದ ಅಂದುಬಿಟ್ಟಿತ್ತು.

ಮರದ ತುಂಡಿನೊಳಗೆ ಯಾರ ದನಿಯೂ ಇರುವುದಿಲ್ಲ.

ಡಿಸ್ಕು ಕೆಟ್ಟಿರಲಿಲ್ಲ, ಮುದಿಯಾಗಿತ್ತು ಅಷ್ಟೇ. ಸಿದ್ದಾರೂಢ ಅದಕ್ಕೊಂದು ಪ್ಲಾಸ್ಟಿಕ್ ಕವಚ ತೊಡಿಸಿ, ಲಕ್ಷ್ಮೇಶ್ವರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ರಹಮಾನಸಾಬ ಎಂಬವರಿಗೆ ಮದುವೆ ವಿಡಿಯೋ ತುಂಬಿಡಲು ಮಾರಿದ್ದ. ಅಳಿಸಿ ಕೊಟ್ಟಿರೇನು ಎಂದು ಮಮತಾ ಕೇಳಿದಳು. ಸಿದ್ದಾರೂಢ ಮೇಜಿನ ಮೇಲಿನ ಸ್ಕ್ರೂಗಳನ್ನು ಸಾಲಾಗಿ ಜೋಡಿಸತೊಡಗಿದ. ಅಳಿಸಲು ತಾಸುಗಟ್ಟಲೆ ಹಿಡಿಯುತ್ತದೆ, ಅವರೇ ಅಳಿಸಿಕೊಳ್ಳುತ್ತಾರೆಂದು ಬಿಟ್ಟೆ ಅಂದ. ಗೋಡೆಯ ಮೇಲಿನ ಮೂರು ಸರ್ಟಿಫಿಕೇಟಿನಲ್ಲಿ ಒಂದಾದರೂ ಅವನಿಗೆ ಕಲಿಸಿರಲಿಲ್ಲ, ಜನರ ಬಾಯಿಂದ ಬಿದ್ದ ಮಾತು ಗುಜರಿ ಸಾಮಾನಲ್ಲವೆಂದು. ಹಾಗೆ ನೋಡಿದರೆ ಅವಳಿಗೂ ಯಾರು ಕಲಿಸಿದ್ದರು?

ಲಕ್ಷ್ಮೇಶ್ವರದ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಹಿಂದಿನ ಸೀಟಿನಲ್ಲಿ ಯಾರೋ ಮೊಬೈಲಿನಲ್ಲಿ ಹೆಣ್ಣಿನ ದನಿಯೊಂದನ್ನು ಜೋರಾಗಿ ಹಚ್ಚಿದರು. ಅವಳು ತಟ್ಟನೆ ತಿರುಗಿ ನೋಡಿದಳು. ಯಾವುದೋ ಅಡುಗೆಯ ವಿಡಿಯೋ. ಮುಂದಿನ ಸ್ಟಾಪಿನಲ್ಲಿ ಮತ್ತೊಂದು ಮೊಬೈಲು, ಮತ್ತೊಂದು ದನಿ. ಊರಿನ ಕಿಸೆಕಿಸೆಯಲ್ಲೂ ಒಂದೊಂದು ಬಾಯಿ ಇದೆ, ಯಾವ ಬಾಯಿಂದ ಯಾವಾಗ ಮಂಜುಳಾಳ ಅಳು ಹೊರಬಿದ್ದೀತು ಹೇಳಲಾಗದು.

ರಹಮಾನಸಾಬರು ಅರವತ್ತು ದಾಟಿದವರು, ಬೆಳ್ಳಗಿನ ಗಡ್ಡ. ಸ್ಟುಡಿಯೋದ ಒಳಕೋಣೆಯಲ್ಲಿ ಇಬ್ಬರು ಕೆಲಸಗಾರರು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮದುವೆ ವಿಡಿಯೋ ಕತ್ತರಿಸುತ್ತಿದ್ದರು. ಡಿಸ್ಕಿನ ಮಾತು ತೆಗೆದ ಕೂಡಲೇ ಮುದುಕರು ಆ ಇಬ್ಬರಿಗೆ ಚಹಾ ಕುಡಿದು ಬರಲು ಹೇಳಿದರು. ಒಬ್ಬ ಎದ್ದ. ಇನ್ನೊಬ್ಬ ತನಗೆ ಬೇಡವೆಂದು ಕೈ ಮಾಡಿ ಕೂತಲ್ಲೇ ಕೂತ. ಮುದುಕರು ಒಳಕೋಣೆಯ ಪರದೆ ಎಳೆದು, ಮೇಜಿನ ಖಾನೆಯ ಬೀಗ ತೆಗೆದು, ಕರವಸ್ತ್ರದಲ್ಲಿ ಸುತ್ತಿದ ಡಿಸ್ಕನ್ನು ಅವಳ ಮುಂದಿಟ್ಟರು.

"ಮದುವಿ ಹಾಡು ಇರಬೇಕಂತ ಒತ್ತಿದೆ ಯವ್ವಾ," ಅಂದರು, ಅವಳ ಮುಖ ನೋಡದೆ. "ಮೂರು ಮಾತು ಕಿವಿಗೆ ಬಿತ್ತು. ಬಂದ್ ಮಾಡಿ ತೆಗೆದಿಟ್ಟೆ. ಯಾರಿಗೆ ತಿರುಗಿ ಕೊಡ್ಲಿ? ಕೊಡಾಕ ಹ್ವಾದ್ರ ಕೇಳೀನಿ ಅಂತ ಆಕ್ಕೇತಿ. ನನಗೂ ಹೆಣ್ಮಕ್ಕಳದಾರ."

"ಬ್ಯಾರೆ ಯಾರರೆ ಕೇಳ್ಯಾರೇನ್ರಿ?"

ಮುದುಕರು ಖಾನೆಗೆ ಮತ್ತೆ ಬೀಗ ಹಾಕಿದರು. ತಾವು ನೋಡುವ ಮೊದಲು ಎರಡು ದಿನ ಅದು ಒಳಗಿನ ಕಂಪ್ಯೂಟರಿಗೇ ಹಚ್ಚಿತ್ತೆಂದರು. ಅಲ್ಲಿ ಕೂಡ್ರುವವರು ಆ ಇಬ್ಬರು. ಒಬ್ಬ ಇಲ್ಲಿಯವನು, ಇನ್ನೊಬ್ಬ ಗದಗಿನಿಂದ ದಿನಾ ಬಂದುಹೋಗುವವನು. "ಕೇಳ್ಯಾರಂತ ನಾ ಹೇಳಾಂಗಿಲ್ಲ. ಕೇಳಿಲ್ಲಂತನೂ ಹೇಳಾಂಗಿಲ್ಲ. ಸುಳ್ಳು ಹೇಳಿ ನಿನ್ನ ಸಮಾಧಾನ ಮಾಡ್ಲೇನು?"

ಅವರೇ ಎದ್ದು ಅವಳನ್ನು ಒಳಕೋಣೆಗೆ ಕರೆದೊಯ್ದು ಕಂಪ್ಯೂಟರಿನ ಖಾನೆ ಖಾನೆ ತೆರೆದು ತೋರಿಸಿದರು. ಆ ರೆಕಾರ್ಡು ಒಂದೂ ಸಿಗಲಿಲ್ಲ. ಆದರೆ ಸಿಗದಿದ್ದರೆ ಇಲ್ಲವೆಂದು ಹೇಗೆ ನಂಬುವುದು? ಅಕ್ಕಿ ಕದ್ದರೆ ಚೀಲ ಇಳಿಯುತ್ತದೆ, ಸೀರೆ ಕದ್ದರೆ ಗೂಟ ಬರಿದಾಗುತ್ತದೆ. ದನಿ ಕದ್ದರೆ ಇದ್ದದ್ದು ಇದ್ದಲ್ಲೇ ಇರುತ್ತದೆ, ಬೆರಳಿನ ಗುರುತೂ ಉಳಿಯುವುದಿಲ್ಲ. ಚಹಾ ಬೇಡವೆಂದು ಉಳಿದಿದ್ದ ಆ ಗದಗಿನವನು ಹೆಡ್‌ಫೋನು ತೆಗೆಯದೆ ತನ್ನ ಮೊಬೈಲು ನೋಡುತ್ತ ಕೂತಿದ್ದ. ನಡುವೆ ಒಮ್ಮೆ ಮೂಗಿನಲ್ಲೇ ನಕ್ಕ. ಯಾವುದಕ್ಕೆ ನಕ್ಕನೋ. ಅವನ ಕೈಯಿಂದ ಮೊಬೈಲು ಕಸಿದು ನೋಡಬೇಕೆಂದು ಅವಳ ಬೆರಳು ತುಡಿದವು. ಕೇಳುವುದೂ ಸಾಧ್ಯವಿರಲಿಲ್ಲ. ಏನಾದರೂ ಕೇಳಿದ್ದೀಯಾ ಎಂದು ಕೇಳಿದರೆ, ಕೇಳುವಂಥದ್ದೇನೋ ಇದೆಯೆಂದು ಅವನಿಗೆ ತೋರಿಸಿಕೊಟ್ಟ ಹಾಗೆ.

ರಹಮಾನಸಾಬರು ಹಿತ್ತಿಲ ಮೆಟ್ಟಿಲ ಮೇಲೆ ಡಿಸ್ಕನ್ನಿಟ್ಟು ಸುತ್ತಿಗೆಯಿಂದ ಒಡೆದರು. ಒಳಗಿನ ಕನ್ನಡಿಯಂಥ ಬಿಲ್ಲೆ ಚೂರುಚೂರಾಗುವತನಕ ಹೊಡೆದು, ಚೂರುಗಳನ್ನು ಅದೇ ಕರವಸ್ತ್ರದಲ್ಲಿ ಗಂಟು ಕಟ್ಟಿ ಅವಳ ಕೈಗಿಟ್ಟರು. ಅವರು ಡಿಸ್ಕಿಗೆ ಕೊಟ್ಟ ಹಣವನ್ನು ಅವಳು ವಾಪಸು ಕೊಡಹೋದರೆ ಬೇಡವೆಂದರು.

ಹಿಂದಿರುಗುವ ದಾರಿಯುದ್ದಕ್ಕೂ ಒಂದೇ ವಿಚಾರ ಅವಳ ಕೈ ಹಿಡಿದು ಜಗ್ಗಿತು: ಸುಮ್ಮನಿದ್ದುಬಿಡು. ಡಿಸ್ಕು ಒಡೆದಿದೆ. ಅಮಾಸಿಗೆ ಏಳೇ ದಿನ. ಯಾರೂ ಕೇಳಿರಲಿಕ್ಕಿಲ್ಲ. ಹೇಳಿದರೆ ಹನ್ನೊಂದು ಮಂದಿಯ ನಿದ್ದೆ ಹಾಳು, ನಿನ್ನ ಹೆಸರು ಹಾಳು. ಎಷ್ಟು ಸಿಹಿಯಾಗಿ ಮಾತಾಡುತ್ತದೆ ಹೆದರಿಕೆ. ತೂಕದ ಕೋಣೆಯ ಬಾಗಿಲಲ್ಲಿ ಆ ಹೆಂಗಸರಿಗೂ ಅದು ಇದೇ ದನಿಯಲ್ಲಿ, ಸುಮ್ಮನಿದ್ದುಬಿಡು ಅಂದಿರಬೇಕು. ಡಿಸ್ಕು ಕೈತಪ್ಪಿದ ಸುದ್ದಿ ಅವರ ಕಿವಿಗೆ ಮೊದಲು ಬೀಳುವುದು ಆ ಬಿಳಿ ಅಂಗಿಯವನ ಬಾಯಿಂದಾದರೆ? ಅವನು ಬಾಗಿಲು ಹಾಕಿ, ಮೊಬೈಲು ಹಿಡಿದು, ಕೇಳು ನಿನ್ನ ದನಿ ಅಂದರೆ?

ಮರುದಿನ ಮೊದಲ ಬಸ್ಸಿಗೆ ಅಂತೂರ ಬೆಂತೂರಕ್ಕೆ ಹೋದಳು. ರಸ್ತೆಯ ಬದಿಗೆ ಬುತ್ತಿ ಹಿಡಿದು ಹನ್ನೊಂದೂ ಮಂದಿ ಟಂಟಂಗೆ ಕಾಯುತ್ತಿದ್ದರು. ಅಮಾಸಿಗಿಂತ ಮೊದಲೇ ಇವಳು ಬಂದದ್ದು ಕಂಡು ಅವರ ಮಾತು ನಿಂತಿತು. ಮಮತಾ ಮೊದಲಿನಿಂದ ಕೊನೆಯತನಕ ಹೇಳಿದಳು. ತಾನು ಡಿಸ್ಕು ಬಿಟ್ಟುಬಂದದ್ದು, ಅದು ಹೋದ ದಾರಿ, ಪರದೆಯ ಹಿಂದೆ ಕೂತಿದ್ದವನು. ಹೇಳುವಾಗ ಕರವಸ್ತ್ರದ ಗಂಟು ಬಿಚ್ಚಿ ಚೂರುಗಳನ್ನು ತೋರಿಸಿದಳು. ಯಾರೂ ಬಗ್ಗಿ ನೋಡಲಿಲ್ಲ.

ಹೆಸರೂ ಇದ್ದವೇನು ಎಂದು ಫಕ್ಕೀರವ್ವ ಕೇಳಿದಳು. ಇದ್ದವು, ಗಂಡನ ಹೆಸರು, ಊರು ಎಲ್ಲಾ ಇತ್ತು ಎಂದಳು ಮಮತಾ.

"ಮನಿ ನಂಬರ್ ಒಂದ್ಯಾಕ ಬಿಟ್ಟೀಯವ್ವಾ," ಅಂದಳು ಹಿಂದಿನಿಂದ ಒಬ್ಬಳು. "ಬರಾವ್ರಿಗೆ ಹುಡಕೂ ತ್ರಾಸ ತಪ್ಪತಿತ್ತು."

ಮಂಜುಳಾ ಬೈಯಲಿಲ್ಲ. ಬಂದು ಎದುರಿಗೆ ನಿಂತು, ನಂದು ಅಳಿಸು ಅಂದಳು. ಮಮತಾ ರಸ್ತೆಯ ಬದಿಯ ಕಲ್ಲಿನ ಮೇಲೆ ಲ್ಯಾಪ್‌ಟಾಪು ತೆರೆದು ಅವಳ ಕಣ್ಣೆದುರಿಗೇ ಅಳಿಸಿದಳು. ಅಳಿಸಿದ್ದಕ್ಕೆ ಅರ್ಥವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮಂಜುಳಾ ಬುತ್ತಿಯ ಡಬ್ಬಿ ಬಗಲಿಗಿಟ್ಟುಕೊಂಡು ರಸ್ತೆಯ ಅಂಚಿಗೆ ಹೋಗಿ ನಿಂತಳು.

ಆಮೇಲೆ ಫಕ್ಕೀರವ್ವ, ನೆಲ ನೋಡುತ್ತಲೇ, "ಅಮಾಸಿ ಕಾಯೂದು ಬ್ಯಾಡ," ಅಂದಳು. "ಅವನ ಕಿವಿಗೆ ಬೀಳೂದ್ರಾಗ ನಾವ ಸಮಿತಿಗೆ ಹೋಗಿ ಹೇಳಬೇಕು. ಇವತ್ತ. ನನಗೂ ಅಂಜಿಕಿ ಐತಿ, ಇಲ್ಲನ್ನಾಂಗಿಲ್ಲ. ಬರಾಕಿ ಬರ್ರಿ, ಒಲ್ಲದಾಕಿಗೆ ಯಾರೂ ಏನೂ ಅನಬ್ಯಾಡ್ರಿ."

ಟಂಟಂ ಬಂತು. ಮಂಜುಳಾ ಮತ್ತು ಇನ್ನಿಬ್ಬರು ಹತ್ತಿದರು. ಶೆಡ್ಡಿಗೆ ಯಾರೂ ಹೋಗದಿದ್ದರೆ ಅನುಮಾನ ಬರುತ್ತದೆಂದು ಒಬ್ಬಳು ಪಿಸುಗುಟ್ಟಿದಳು. ಅದೂ ಖರೆಯೇ. ಉಳಿದ ಎಂಟು ಮಂದಿ ಕದಲಲಿಲ್ಲ. ಶೆಡ್ಡಿನ ಪಗಾರ ತಿನ್ನುವ ಡ್ರೈವರು ಹೊರಗೆ ತಲೆ ಹಾಕಿ, ಇವರ‍್ಯಾಕ ಒಲ್ಲೆಂತಾರ ಅಂದ. ಸಂಬಂಧಿಕರ ಮನಿಯಾಗ ಸಾವಾಗೈತಿ ಎಂದು ಮಂಜುಳಾ ಒಳಗಿನಿಂದ ಹೇಳಿದಳು. ಅವನು ಎಂಟು ಮುಖಗಳನ್ನೂ, ಅವರ ನಡುವೆ ಲ್ಯಾಪ್‌ಟಾಪು ಅಪ್ಪಿಕೊಂಡು ನಿಂತ ಮಮತಾಳನ್ನೂ ಒಂದೊಂದಾಗಿ ನೋಡಿದ. ಗಾಡಿ ಹತ್ತು ಮಾರು ಹೋಗಿ ನಿಂತಿತು. ಮೊಬೈಲು ಹಿಡಿದ ಅವನ ಕೈ ಕಿವಿಗೆ ಹೋದದ್ದು ಹಿಂದಿನಿಂದಲೂ ಕಾಣುತ್ತಿತ್ತು. ಆಮೇಲೆ ಹೊರಟಿತು.

ಗದಗಿನ ಬಸ್ಸು ಹತ್ತಿ ಒಬ್ಬರ ಹಿಂದೆ ಒಬ್ಬರು ಕೂತರು. ಕಂಡಕ್ಟರು ಎಲ್ಲಿಗೆಂದು ಕೇಳಿದ. ಫಕ್ಕೀರವ್ವ ಊರಿನ ಹೆಸರಷ್ಟೇ ಹೇಳಿದಳು. ಬಸ್ಸು ಇನ್ನೂ ಊರಿನ ಹೊಲಗಳನ್ನು ದಾಟಿರಲಿಲ್ಲ, ಮುಂದಿನ ಸೀಟಿನವಳ ಕುಬಸದೊಳಗಿನ ಮೊಬೈಲು ರಿಂಗಾಯಿತು. ತೆಗೆದು ನೋಡಿದಳು, ಸೂಪರ್‌ವೈಜರನ ನಂಬರು. ರಿಂಗಾಗಿ ರಿಂಗಾಗಿ ನಿಂತಿತು. ಮರುಕ್ಷಣ ಅವಳ ಪಕ್ಕದವಳದು. ಆಮೇಲೆ ಹಿಂದಿನ ಸೀಟಿನವಳದು. ಅವನು ಹಾಜರಿ ಪಟ್ಟಿ ಮುಂದಿಟ್ಟುಕೊಂಡು ಕೂತಿದ್ದಾನೆ, ಒಂದೊಂದೇ ಹೆಸರು ಹಿಡಿದು ಒತ್ತುತ್ತಿದ್ದಾನೆ. ಬಸ್ಸಿನವರೆಲ್ಲ ತಿರುಗಿ ನೋಡತೊಡಗಿದರು. ಯಾರೋ ಒಬ್ಬರು, ಫೋನು ಎತ್ತರೆ ಎತ್ರಿ ಅಂದರು.

ಮಮತಾ ಲ್ಯಾಪ್‌ಟಾಪನ್ನು ಎದೆಗೆ ಒತ್ತಿ ಹಿಡಿದಳು. ಫಕ್ಕೀರವ್ವನ ಸರದಿ ಬಂತು. ಅವಳು ಮೊಬೈಲನ್ನು ಅಂಗೈಯಲ್ಲಿಟ್ಟುಕೊಂಡಳು, ಬಂದ್ ಮಾಡಲಿಲ್ಲ, ಎತ್ತಲೂ ಇಲ್ಲ. ಇನ್ನೊಂದು ಕೈ ಬಂದು ಮಮತಾಳ ಮಣಿಕಟ್ಟನ್ನು ಹಿಡಿಯಿತು. ಆ ಕೈ ನೀರಿನಿಂದ ತೆಗೆದಂತೆ ತಣ್ಣಗಿತ್ತು, ಉಗುರಿನ ಸಂದಿಗಳಲ್ಲಿ ಮೆಣಸಿನಕಾಯಿಯ ಕೆಂಪು ಕೂತಿತ್ತು. ಮೊಬೈಲು ರಿಂಗಾಗುತ್ತಲೇ ಇತ್ತು. ಗದಗ ಇನ್ನೂ ಬಂದಿರಲಿಲ್ಲ.